‘ಅಶ್ವಥ್ ಹೋಗ್ಬಿಟ್ರಂತೆ’

(ಡಿಸೆಂಬರ್ 29ರ ಸಂಜೆ, ಸಿ. ಅಶ್ವಥ್ ಅವರ ನೆನಪಿಗಾಗಿ ಬೆಂಗಳೂರಿನಲ್ಲಿ ಸೇರಿದ್ದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಹಾಡುಗಾರನಲ್ಲ, ಮೇಷ್ಟ್ರೂ ಅಲ್ಲ. ಹನುಮಂತನಗರದಲ್ಲಿ ಇಪ್ಪತ್ತಾರು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು. ಎಂಟಡಿ ಅಗಲ, ಹತ್ತಡಿ ಉದ್ದದ ಅಂಗಡಿ. ಮೂರು ಗೋಡೆಗೂ ಮರದ ಗೂಡುಗಳು. ಎಡಗಡೆ ದೇವರ ನಾಮ, ಎದುರಿಗೆ ಸಿನಿಮಾ, ಬಲಗಡೆ ಭಾವಗೀತೆ ಮತ್ತು ಜಾನಪದ. ಷಟರ್ ಪಕ್ಕದಲ್ಲಿ ಬೀದಿಗೆ ಮುಖ ಮಾಡಿ ಒಂದು ಸ್ಪೀಕರ್. ಆ ಸ್ಪೀಕರ್ ನನ್ನ ಬೋರ್ಡ್ ಇದ್ದ ಹಾಗೆ. ಅಂಗಡಿಯ ಹೆಸರು ಓದಿ ಬಂದವರಿಗಿಂತ ಹಾಡು ಕೇಳಿ ಒಳಗೆ ಬಂದವರೇ ಜಾಸ್ತಿ.

ಅಶ್ವಥ್ ಅವರನ್ನು ನಾನು ಎದುರಿಗೆ ಮಾತಾಡಿಸಿದವನಲ್ಲ. ವೇದಿಕೆಯ ಮೇಲೆ ದೂರದಿಂದ ನೋಡಿದ್ದೇನೆ ಅಷ್ಟೇ. ಅವರ ಜೊತೆ ಕೆಲಸ ಮಾಡಿದವರು, ಅವರ ಮನೆಯಲ್ಲಿ ಊಟ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ಇರುವ ಕಥೆಗಳು ನನ್ನ ಹತ್ತಿರ ಇಲ್ಲ. ಅವರು ತೀರಿಕೊಂಡ ದಿನ ಒಂದು ಬೀದಿ ಹೇಗಿತ್ತು ಅಂತ ಮಾತ್ರ ನಾನು ಹೇಳಬಲ್ಲೆ. ಅದನ್ನೇ ಹೇಳುತ್ತೇನೆ.

2009ರ ಡಿಸೆಂಬರ್ 29. ಮಂಗಳವಾರ. ಧನುರ್ಮಾಸದ ಚಳಿ.

ಆ ತಾರೀಕು ನನಗೆ ಮೊದಲಿನಿಂದಲೂ ಎರಡು ಹುಟ್ಟುಹಬ್ಬದ ದಿನ. ಒಂದು ಕುವೆಂಪು ಅವರದು, 1904. ಇನ್ನೊಂದು ಅಶ್ವಥ್ ಅವರದು, 1939, ಹಾಸನ ಜಿಲ್ಲೆಯ ಚನ್ನರಾಯಪಟ್ಟಣ. ಕವಿಯೂ ಕವಿತೆಗೆ ರಾಗ ಹಾಕಿದವರೂ ಒಂದೇ ತಾರೀಕಿನಲ್ಲಿ ಹುಟ್ಟಿದರು ಅಂತ ನನಗೆ ಭಾಳ ಖುಷಿ. ಅದಕ್ಕೇ ಪ್ರತಿ ವರ್ಷ ಆ ದಿನ ಅಂಗಡಿಯಲ್ಲಿ ಬೇರೆ ಹಾಡು ಹಾಕುತ್ತಿರಲಿಲ್ಲ. ನಾನೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ ಇತ್ತು. ಎ ಸೈಡಿನಲ್ಲಿ ಕವಿಗಳು, ಬಿ ಸೈಡಿನಲ್ಲಿ ಷರೀಫಜ್ಜ. ಬೆಳಿಗ್ಗೆಯಿಂದ ರಾತ್ರಿವರೆಗೂ ಅದೇ. ಒಂದು ಕಡೆ ಮುಗಿದರೆ ತಿರುಗಿಸಿ ಹಾಕುವುದು. ಅಷ್ಟು ಹೊತ್ತಿಗಾಗಲೇ ಎಲ್ಲರೂ ಸಿಡಿ, ಎಂಪಿತ್ರೀ ಅನ್ನುತ್ತಿದ್ದರು. ನನ್ನ ಅಂಗಡಿಯಲ್ಲೂ ಮುಕ್ಕಾಲು ಪಾಲು ಸಿಡಿಯೇ. ಆದರೂ ಆ ದಿನದ ಮಟ್ಟಿಗೆ ಹಳೇ ಟೇಪ್ ರೆಕಾರ್ಡರ್ ಕೆಳಗಿಳಿಸುತ್ತಿದ್ದೆ.

ಆ ಸಲವೂ ಇಳಿಸಿದೆ. ಅವರಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾರೆ ಅಂತ ಪೇಪರಿನಲ್ಲಿ ಓದಿದ್ದೆ. ಎಪ್ಪತ್ತು ತುಂಬುವ ದಿನ, ಬೇಗ ಗುಣವಾಗಲಿ ಅಂದುಕೊಂಡು ಕ್ಯಾಸೆಟ್ ಹಾಕಿದೆ.

ಅವತ್ತು ಒಬ್ಬ ಆಟೋದವನು ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ಇಳಿಯಲಿಲ್ಲ, ಎಂಜಿನ್ ಆರಿಸಲೂ ಇಲ್ಲ. ಕುತ್ತಿಗೆ ಹೊರಗೆ ಹಾಕಿ ಹೇಳಿದ.

“ಅಣ್ಣಾ, ಅಶ್ವಥ್ ಹೋಗ್ಬಿಟ್ರಂತೆ.”

ಅಷ್ಟು ಹೇಳಿ ಹೊರಟುಹೋದ. ಸ್ಪೀಕರಿನಲ್ಲಿ ಅವರು ಹಾಡುತ್ತಲೇ ಇದ್ದರು.

ಮೊದಲು ಕೈ ಹೋಗಿದ್ದು ಸ್ಟಾಪ್ ಬಟನ್ ಕಡೆಗೆ. ಸಾವಿನ ಸುದ್ದಿ ಬಂದರೆ ಹಾಡು ನಿಲ್ಲಿಸುವುದು ನಮ್ಮ ಕಡೆ ರೂಢಿ. ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ನಾನು ಇಡೀ ದಿನ ಸ್ಪೀಕರ್ ಆರಿಸುತ್ತಿದ್ದೆ. ಆದರೆ ಅವತ್ತು ಕೈ ಹೋದದ್ದು ಹೋದ ಹಾಗೇ ನಿಂತಿತು. ಹಾಡುತ್ತಿರುವುದು ಅವರೇ. ಅವರನ್ನು ಹೇಗೆ ನಿಲ್ಲಿಸುವುದು?

ಬೆಳಿಗ್ಗೆ ಹುಟ್ಟುಹಬ್ಬಕ್ಕೆ ಅಂತ ಹಾಕಿದ ಕ್ಯಾಸೆಟ್ಟೇ ಮಧ್ಯಾಹ್ನ ಸಾವಿಗೂ ಓಡಿತು. ನಾನು ಏನನ್ನೂ ಬದಲಾಯಿಸಲಿಲ್ಲ. ಅವೇ ಹಾಡು, ಅದೇ ದನಿ.

ಆ ಕ್ಯಾಸೆಟ್ಟಿನ ಎ ಸೈಡಿನ ಕೊನೆಯಲ್ಲಿ ‘ಕಾಣದ ಕಡಲಿಗೆ ಹಂಬಲಿಸಿದೆ ಮನ’ ಇತ್ತು. ಜಿ.ಎಸ್. ಶಿವರುದ್ರಪ್ಪನವರ ಕವಿತೆ, ಅಶ್ವಥ್ ಅವರದೇ ರಾಗ, ಅವರದೇ ದನಿ. ಸಾವಿರ ಸಲ ಕೇಳಿದ್ದೆ. ಅವತ್ತು ಮಧ್ಯಾಹ್ನ ಅದು ಬಂದಾಗ ಮೊದಲ ಸಲ ಒಂದು ಮಾತು ಕಿವಿಗೆ ಬಿತ್ತು. ‘ಅಂತೆ.’

ನೀವು ಮನಸ್ಸಿನಲ್ಲೇ ಆ ಹಾಡನ್ನು ಒಂದು ಸಲ ಹಾಡಿಕೊಂಡು ನೋಡಿ. ಎರಡನೇ ಚರಣದಲ್ಲಿ ಕಡಲಿನ ಬಗ್ಗೆ ಕವಿ ಹೇಳುವುದೆಲ್ಲ ‘ಅಂತೆ’. ಎಷ್ಟು ಹೊಳೆ ಬಂದು ಸೇರಿದರೂ ಅದು ಇದ್ದ ಹಾಗೇ ಇರುತ್ತದಂತೆ. ಅದಕ್ಕೆ ಕೊನೆಯೇ ಇಲ್ಲವಂತೆ. ಕವಿ ಕಡಲು ನೋಡಿಲ್ಲ. ಯಾರೋ ಹೇಳಿದ್ದನ್ನು ಕೇಳಿದ್ದಾನೆ. ನಮ್ಮ ಭಾಷೆಯಲ್ಲಿ ಇದೊಂದು ಎಷ್ಟು ಚೆನ್ನಾಗಿದೆ! ‘ಮಳೆ ಬಂತು’ ಅಂದರೆ ನಾನು ನೆನೆದಿದ್ದೇನೆ. ‘ಮಳೆ ಬಂತಂತೆ’ ಅಂದರೆ ಪಕ್ಕದ ಊರಿನವರು ಹೇಳಿದರು. ಎರಡಕ್ಷರದಲ್ಲಿ ನೋಡಿದ್ದೂ ಕೇಳಿದ್ದೂ ಬೇರೆಯಾಗಿಬಿಡುತ್ತದೆ.

ಆ ‘ಅಂತೆ’ಗಳನ್ನು ಅಶ್ವಥ್ ಹಾಡುವುದು ಕೇಳಿ. ಒಂದೊಂದನ್ನೂ ದಡಕ್ಕೆ ತಂದು ನಿಲ್ಲಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಾರೆ. ಪುಸ್ತಕದಲ್ಲಿ ಓದಿದರೆ ಅದು ಸಾಲಿನ ಕೊನೆಯ ಅಕ್ಷರ, ಕಣ್ಣು ದಾಟಿ ಹೋಗುತ್ತದೆ. ಅವರ ಬಾಯಲ್ಲಿ ಅದು ಹಂಬಲವಾಗುತ್ತದೆ. ನೋಡಿಲ್ಲವಲ್ಲ, ನೋಡಬೇಕಲ್ಲ ಅನ್ನುವ ಹಂಬಲ.

ಅವತ್ತು ನನ್ನ ಕಿವಿಯಲ್ಲಿ ಆಟೋದವನ ‘ಹೋಗ್ಬಿಟ್ರಂತೆ’ ಇನ್ನೂ ಕೂತಿತ್ತು. ಸ್ಪೀಕರಿನಲ್ಲಿ ಈ ‘ಅಂತೆ’. ಎರಡೂ ಒಂದಕ್ಕೊಂದು ತಗುಲಿದವು. ಅಂಗಡಿಯಲ್ಲಿ ಒಬ್ಬನೇ ಇದ್ದೆ. ಕಣ್ಣಲ್ಲಿ ನೀರು ಬಂತು.

ಆಮೇಲೆ ಜನ ಬರಲು ಶುರುವಾಯಿತು. ವ್ಯಾಪಾರಕ್ಕಲ್ಲ, ಸುಮ್ನೆ ಬಂದರು. ಬಂದು ಕಟ್ಟೆಯ ಹತ್ತಿರ ನಿಂತರು. ಕೆಲವರು ಒಂದು ಹಾಡು ಮುಗಿಯುವವರೆಗೆ, ಕೆಲವರು ಒಂದು ಸೈಡ್ ಪೂರ್ತಿ. ಯಾರೂ ಜಾಸ್ತಿ ಮಾತಾಡಲಿಲ್ಲ.

ಒಬ್ಬರು ಐಟಿಐಯಿಂದ ನಿವೃತ್ತರಾದವರು. ಟೆಲಿಫೋನ್ ಫ್ಯಾಕ್ಟರಿ, ದೂರವಾಣಿನಗರದ್ದು. ಮಂಕಿ ಕ್ಯಾಪ್ ಹಾಕಿಕೊಂಡು ಬಂದಿದ್ದರು. “ನಮ್ಮ ಫ್ಯಾಕ್ಟರಿಯವರು ರೀ” ಅಂದರು. ಅಷ್ಟೇ ಮಾತು. ಆ ‘ನಮ್ಮ’ದಲ್ಲಿ ಎಷ್ಟು ಹೆಮ್ಮೆ ಇತ್ತು ಅಂತೀರಿ. ನಿಜ, ಅಶ್ವಥ್ ಇಪ್ಪತ್ತೇಳು ವರ್ಷ ಐಟಿಐಯಲ್ಲಿ ಕೆಲಸ ಮಾಡಿದವರು. ದೇವಗಿರಿ ಶಂಕರರಾವ್ ಜೋಶಿಯವರ ಹತ್ತಿರ ಹಿಂದೂಸ್ತಾನಿ ಕಲಿತರು. ನಾಟಕದವರ ಜೊತೆ ಸೇರಿ ರಾಗ ಹಾಕಿದರು. ಮಾಸ್ತಿಯವರ ‘ಕಾಕನ ಕೋಟೆ’ 1977ರಲ್ಲಿ ಸಿನಿಮಾ ಆದಾಗ ಅದರ ಸಂಗೀತ ಇವರದು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವಥ್-ವೈದಿ’ ಅನ್ನುವ ಹೆಸರಿನಲ್ಲಿ ‘ಆಲೆಮನೆ’ಯಂಥ ಸಿನಿಮಾಗಳು. ಇಷ್ಟೆಲ್ಲ ನಡೆಯುವಾಗಲೂ ಅವರಿಗೆ ಫ್ಯಾಕ್ಟರಿ ನೌಕರಿ ಇತ್ತು. ದಿನದ ಡ್ಯೂಟಿ ಮುಗಿಸಿ ಬಂದು ಹಾರ್ಮೋನಿಯಂ ಮುಂದೆ ಕೂತ ಮನುಷ್ಯ. ಡ್ಯೂಟಿ ಮುಗಿಸಿ ಬಂದವರಿಗೆ ಅವರ ಹಾಡು ಅಷ್ಟು ಹಿಡಿಸಿದ್ದು ಅದಕ್ಕೇ ಅಂತ ನನ್ನ ಅಂದಾಜು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಂಗಡಿ ಶುರು ಮಾಡಿದಾಗ ನಾನು ಪದ್ಯ ಓದಿದವನಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅಷ್ಟೇ. ಎಂಬತ್ತರ ದಶಕದಲ್ಲಿ ‘ಮೈಸೂರು ಮಲ್ಲಿಗೆ’ ಕ್ಯಾಸೆಟ್ ಬಂತಲ್ಲ, ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳು, ಅಶ್ವಥ್ ರಾಗ, ರತ್ನಮಾಲಾ ಪ್ರಕಾಶ್ ಅವರ ದನಿ. ಅದು ನನ್ನ ಬಲಗಡೆ ಗೋಡೆಯನ್ನು ತುಂಬಿಸಿತು. ಆ ಪುಸ್ತಕ ಬಂದದ್ದು 1942ರಲ್ಲಿ. ಓದುವವರ ಮನೆಗಳಲ್ಲಿ ಅಷ್ಟು ವರ್ಷದಿಂದ ಇದ್ದೇ ಇತ್ತು. ಕ್ಯಾಸೆಟ್ ಬಂದ ಮೇಲೆ ಓದದವರ ಮನೆಗೂ ಹೋಯಿತು.

ಅಂಗಡಿಗೆ ಬಂದವರು ಕವಿಯ ಹೆಸರು ಕೇಳುತ್ತಿರಲಿಲ್ಲ. “ರಾಯರು ಬಂದರು ಇದೆಯಾ?” ಅನ್ನುತ್ತಿದ್ದರು. “ಅದೇ, ಬಳೆಗಾರ ಬರ್ತಾನಲ್ಲ, ಅದು ಕೊಡಿ.” ಮದುವೆ ಮನೆಗೆ ಉಡುಗೊರೆ ಅಂತ ತೆಗೆದುಕೊಂಡು ಹೋಗುತ್ತಿದ್ದರು. ಹೊಸದಾಗಿ ಮದುವೆಯಾದವರು ಇಬ್ಬರೂ ಸೇರಿ ಬಂದು ಒಂದು ಕ್ಯಾಸೆಟ್ ಕೊಂಡುಕೊಳ್ಳುವುದನ್ನು ನೋಡಿದ್ದೇನೆ. ಹಣ ಕೊಡುವಾಗ ಹುಡುಗಿ ಬೇರೆ ಕಡೆ ನೋಡುತ್ತಿದ್ದಳು. ಮುಂದೆ 1992ರಲ್ಲಿ ನಾಗಾಭರಣ ಅವರು ‘ಮೈಸೂರು ಮಲ್ಲಿಗೆ’ಯನ್ನೇ ಸಿನಿಮಾ ಮಾಡಿದರು, ಅದಕ್ಕೂ ಅಶ್ವಥ್ ಸಂಗೀತ, ಹಾಡಿನ ಸಾಹಿತ್ಯಕ್ಕೆ ನರಸಿಂಹಸ್ವಾಮಿಯವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

‘ರಾಯರು ಬಂದರು’ ಒಂದು ಕಥೆ. ಅಳಿಯ ರಾತ್ರಿ ಹೊತ್ತು ಮಾವನ ಮನೆಗೆ ಬರುತ್ತಾನೆ. ಎಲ್ಲರೂ ಉಪಚಾರ ಮಾಡುತ್ತಾರೆ. ಹೆಂಡತಿ ಮಾತ್ರ ಕಾಣಿಸುವುದಿಲ್ಲ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಅದಕ್ಕೆ ಅಶ್ವಥ್ ದೊಡ್ಡ ರಾಗ ಹಾಕಲಿಲ್ಲ. ಮನೆಯಲ್ಲಿ ಅತ್ತೆ ಮಗು ಮಲಗಿಸುತ್ತಾ ಕಥೆ ಹೇಳುವ ಹಾಗೆ, ಅದೇ ಧಾಟಿ ತಿರುಗಿ ತಿರುಗಿ ಬರುತ್ತದೆ. ಕೇಳುವವರ ಗಮನವೆಲ್ಲ ಮುಂದೇನಾಯಿತು ಅನ್ನುವುದರ ಮೇಲೆ. ರಾಗ ಹಾಕಿದವನು ಅಲ್ಲಿ ಬಾಗಿಲ ಮರೆಗೆ ನಿಂತಿದ್ದಾನೆ. ‘ಕಾಣದ ಕಡಲಿಗೆ’ಯಲ್ಲಿ ಎದೆಯೊಡ್ಡಿ ಮುಂದೆ ಬರುವ ಅದೇ ಮನುಷ್ಯ ಇಲ್ಲಿ ಮರೆಗೆ ಸರಿಯುತ್ತಾನೆ. ಯಾವ ಪದ್ಯಕ್ಕೆ ಎಷ್ಟು ಅನ್ನುವುದು ಗೊತ್ತಿದ್ದವರು.

ಮತ್ತೆ ಆ ದಿನಕ್ಕೆ ಬರುತ್ತೇನೆ.

ನಮ್ಮ ಬೀದಿಯ ಮೂಲೆಯಲ್ಲಿ ಹೂ ಮಾರುವ ಒಬ್ಬಾಕೆ ಇದ್ದರು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಓದು ಬರಹ ಬರುತ್ತಿರಲಿಲ್ಲ. ‘ಸಂತ ಶಿಶುನಾಳ ಶರೀಫ’ ಸಿನಿಮಾ 1990ರಲ್ಲಿ ಬಂದ ಮೇಲೆ ಆ ಹಾಡುಗಳು ಎಲ್ಲೆಲ್ಲೂ ಕೇಳುತ್ತಿದ್ದವು, ನೆನಪಿದೆಯಲ್ಲ? ಆಗ ಅಕ್ಕ ದಿನಾ ಸಂಜೆ ಬಂದು ಕೇಳುತ್ತಿದ್ದರು. “ಆ ನುಂಗೋ ಹಾಡು ಹಾಕಣ್ಣ.” ಅಂದರೆ ‘ಕೋಡಗನ ಕೋಳಿ ನುಂಗಿತ್ತಾ.’ ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಅದು ಬೆಡಗು, ಅದರ ಒಳಗೆ ಬೇರೆ ಅರ್ಥ ಇದೆ ಅಂತ ಓದಿದವರು ಹೇಳುತ್ತಾರೆ. ಅಕ್ಕ ಹೂ ಕಟ್ಟುತ್ತಾ ಕೇಳಿ ನಗುತ್ತಿದ್ದರು. ಕೊನೆಯಲ್ಲಿ ಗೋವಿಂದ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದಲ್ಲ, ಅಲ್ಲಿ ಮಾತ್ರ ನಗು ನಿಲ್ಲುತ್ತಿತ್ತು. ಕೈಯಲ್ಲಿನ ದಾರವೂ ನಿಲ್ಲುತ್ತಿತ್ತು. ಅರ್ಥ ಯಾರು ಹೇಳಿಕೊಟ್ಟರು ಆಕೆಗೆ? ರಾಗವೇ ಹೇಳಿಕೊಟ್ಟಿತು.

ಷರೀಫರು 1819ರಿಂದ 1889ರವರೆಗೆ ಇದ್ದವರು. ಈಗಿನ ಹಾವೇರಿ ಜಿಲ್ಲೆಯ ಶಿಶುವಿನಾಳದವರು. ಆ ಕಡೆಯ ಹಳ್ಳಿಗಳ ಭಜನೆಯಲ್ಲಿ ಅವರ ಪದಗಳು ಮೊದಲಿನಿಂದ ಇದ್ದವು, ಬೇರೆ ಧಾಟಿಗಳಲ್ಲಿ. ಅಶ್ವಥ್ ಹಾಸನ ಜಿಲ್ಲೆಯವರು. ‘ಮಾಳಿಗಿ’, ‘ತಗಿ’ ಅನ್ನುವ ಮಾತು ಅವರ ಮನೆಯ ಮಾತಲ್ಲ. ಧಾರವಾಡ ಕಡೆಯ ಗಿರಾಕಿಯೊಬ್ಬರು ಒಮ್ಮೆ ನನ್ನ ಹತ್ತಿರ ಸಿಟ್ಟಾದರು. “ನಮ್ಮ ಭಜನಿ ಧಾಟಿನೇ ಬ್ಯಾರೆ ರೀ, ಇದು ಸಿನಿಮಾ ಆತು” ಅಂದರು. ಅವರ ನೋವು ನಿಜವಾದದ್ದು. ಹಳೆಯ ಧಾಟಿಯೂ ಉಳಿಯಬೇಕು. ಆದರೆ ನನ್ನ ಬೀದಿಯ ಸಾಕ್ಷಿ ನಾನು ಹೇಳಬೇಕು. ಹನುಮಂತನಗರದ ಹೂವಿನ ಅಕ್ಕನಿಗೆ ಶಿಶುವಿನಾಳದ ಅಜ್ಜ ಸಿಕ್ಕಿದ್ದು ಈ ಹಾಡುಗಳಿಂದ. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಇಲ್ಲದಿದ್ದರೆ ಅವರಿಬ್ಬರಿಗೆ ಭೇಟಿಯೇ ಆಗುತ್ತಿರಲಿಲ್ಲ.

ಅವತ್ತು ಸಂಜೆ ಅಕ್ಕ ಬಂದರು. ಕೈಯಲ್ಲಿ ಎರಡು ಮೊಳ ಸೇವಂತಿಗೆ.

“ಫೋಟೋ ಎಲ್ಲಿ ಇಟ್ಟಿದ್ದೀಯಣ್ಣ?”

ಫೋಟೋ ಇರಲಿಲ್ಲ. ಕ್ಯಾಸೆಟ್ ಡಬ್ಬಿಯ ಕಾರ್ಡಿನ ಮೇಲೆ ಬೆರಳುಗುರಿನಷ್ಟು ಚಿತ್ರ ಇತ್ತು, ಅಷ್ಟೇ. ಇಲ್ಲಕ್ಕ ಅಂದೆ.

ಆಕೆ ಸ್ವಲ್ಪ ಹೊತ್ತು ಸುತ್ತ ನೋಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಹತ್ತಿ ಆ ಎರಡು ಮೊಳ ಹೂವನ್ನೂ ಸ್ಪೀಕರಿಗೆ ಹಾಕಿದರು. ಜಾರದ ಹಾಗೆ ಹಿಂದಿನ ಮೊಳೆಗೆ ದಾರ ಸುತ್ತಿ ಗಂಟು ಹಾಕಿದರು.

“ಇಷ್ಟು ವರ್ಷ ಮಾತಾಡಿದ್ದು ಇದೇ ಅಲ್ವಾ” ಅಂದರು.

ಕೈ ಮುಗಿದು ಹೋದರು. ಹೂವಿನ ದುಡ್ಡು ಕೊಡಲು ಹೋದೆ. ಅವರು ತಿರುಗಿ ನೋಡಲೂ ಇಲ್ಲ.

ರಾತ್ರಿ ಒಂಬತ್ತರವರೆಗೂ ಜನ ಬಂದರು. ಒಬ್ಬ ಕಾಲೇಜು ಹುಡುಗ ಬಂದು ‘ಚಿನ್ನಾರಿ ಮುತ್ತ’ ಕೇಳಿದ. ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡು, ಅಶ್ವಥ್ ಸಂಗೀತ, 1993ರ ಸಿನಿಮಾ. ಚಿಕ್ಕವನಿದ್ದಾಗ ಅಪ್ಪ ತಂದುಕೊಟ್ಟಿದ್ದರಂತೆ, ಆ ಕ್ಯಾಸೆಟ್ ಕಳೆದುಹೋಗಿತ್ತಂತೆ. ಎದುರಿನ ಗೂಡಿನ ತಳದಲ್ಲಿ ಒಂದು ಉಳಿದಿತ್ತು. ಕೇಳಲು ಮನೆಯಲ್ಲಿ ಟೇಪ್ ರೆಕಾರ್ಡರ್ ಇದೆಯಾ ಅಂದೆ. ಇಲ್ಲ ಅಂಕಲ್, ಇಟ್ಟುಕೊಳ್ಳುತ್ತೇನೆ ಅಂದ.

ಆ ವರ್ಷವೇ ಹಾಗಿತ್ತು. ಜನವರಿಯಲ್ಲಿ ರಾಜು ಅನಂತಸ್ವಾಮಿ ಹೋಗಿದ್ದರು, ಚಿಕ್ಕ ವಯಸ್ಸು. ಜುಲೈ 21ಕ್ಕೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್. ವರ್ಷದ ತುದಿಗೆ ಇವರು.

ಅಶ್ವಥ್ ಅವರ ಹಾಡುಗಾರಿಕೆ ಎಲ್ಲರಿಗೂ ಒಪ್ಪಿಗೆಯಾಗಿತ್ತು ಅಂತ ನಾನು ಹೇಳುವುದಿಲ್ಲ. “ಜಾಸ್ತಿ ಕೂಗ್ತಾರಪ್ಪ” ಅನ್ನುವವರು ನನ್ನ ಅಂಗಡಿಗೂ ಬರುತ್ತಿದ್ದರು. ಭಾವಗೀತೆ ಅಂದರೆ ಮೆಲ್ಲಗೆ, ಕಣ್ಣು ಮುಚ್ಚಿ ಹಾಡುವುದು ಅಂತ ಅವರ ಎಣಿಕೆ. ಮೈಸೂರು ಅನಂತಸ್ವಾಮಿಯವರ ಮೃದು ದನಿ ಕೇಳಿ ಬೆಳೆದವರಿಗೆ ಇವರದು ಗಡುಸು ಅನ್ನಿಸಬಹುದು. ಅದಕ್ಕೂ ಹಿಂದೆ ಕಾಳಿಂಗರಾಯರು ಇದ್ದರು. ಅವರವರ ದಾರಿ ಅವರವರದು. ನನಗೆ ಅನ್ನಿಸುವುದು ಇಷ್ಟು. ಅಶ್ವಥ್ ಅವರದು ಕೋಣೆಯ ದನಿಯಲ್ಲ. ಹೊಲದ ಈ ಬದುವಿನಿಂದ ಆ ಬದುವಿನಲ್ಲಿರುವವನನ್ನು ಕರೆಯುವ ದನಿ. ಕರೆಯಬೇಕಾದವನು ದೂರ ಇದ್ದ. ಪುಸ್ತಕದಿಂದ ದೂರ, ಕವಿಯಿಂದ ದೂರ. ಮೆಲ್ಲಗೆ ಕರೆದರೆ ಅವನಿಗೆ ಕೇಳಿಸುತ್ತಿತ್ತಾ?

2005ರಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಆಯಿತು. ಆ ಹೆಸರು ಕುವೆಂಪು ಅವರ ಸಾಲಿನದು. ಲಕ್ಷಕ್ಕೂ ಜಾಸ್ತಿ ಜನ. ನಾನು ಎಲ್ಲೋ ಹಿಂದೆ, ಬಿದಿರಿನ ಕಟಕಟೆಗೆ ಒರಗಿ ನಿಂತಿದ್ದೆ. ವೇದಿಕೆ ಅಲ್ಲಿಂದ ಬೆಂಕಿಪೊಟ್ಟಣದಷ್ಟು. ಜನ ಸೇರಿದ್ದು ಪದ್ಯ ಕೇಳಲು. ಬರೀ ಪದ್ಯ! ನನ್ನ ಪಕ್ಕದಲ್ಲಿ ಒಬ್ಬ ಕಡಲೆಕಾಯಿ ಮಾರುವವನು ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡೇ ಹಾಡುತ್ತಿದ್ದ. ಒಂದು ಸಾಲೂ ತಪ್ಪಲಿಲ್ಲ. ಇಷ್ಟು ಜನ ಒಟ್ಟಿಗೆ ಪದ್ಯ ಹೇಳುವುದನ್ನು ನಾನು ಅದಕ್ಕೆ ಮುಂಚೆ ಶಾಲೆಯ ಪ್ರಾರ್ಥನೆಯಲ್ಲಿ ಮಾತ್ರ ಕೇಳಿದ್ದೆ.

ನಾಡಗೀತೆಯ ರಾಗದ ವಿಚಾರವನ್ನು ಇಲ್ಲಿ ಎತ್ತಬಾರದು ಅಂದುಕೊಂಡಿದ್ದೆ. ಎತ್ತುತ್ತೇನೆ, ಯಾಕೆಂದರೆ ಕೆಲವರು ಈಗಲೂ ಅದನ್ನೇ ಹಿಡಿದು ಜಗಳ ಆಡುತ್ತಾರೆ. ಅನಂತಸ್ವಾಮಿಯವರ ರಾಗವೋ ಅಶ್ವಥ್ ಅವರ ರಾಗವೋ ಅಂತ ವರ್ಷಗಟ್ಟಲೆ ಚರ್ಚೆ ಆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ರಾಗವನ್ನು ಒಪ್ಪಿತು. ನನ್ನ ಬಲಗಡೆಯ ಗೋಡೆಯಲ್ಲಿ ಇಬ್ಬರ ಕ್ಯಾಸೆಟ್ಟೂ ಒಂದೇ ಗೂಡಿನಲ್ಲಿದ್ದವು. ಒಂದರ ಪಕ್ಕ ಒಂದು. ಕೊಂಡವರು ಎರಡನ್ನೂ ಕೊಂಡರು.

ಈಗ ಮರುದಿನದ ವಿಷಯ. ಇದನ್ನು ಹೇಳಲಿಕ್ಕೇ ನಾನು ಇವತ್ತು ಬಂದಿರುವುದು.

ಡಿಸೆಂಬರ್ 30, ಬುಧವಾರ. ಬೆಳಿಗ್ಗೆ ನಮ್ಮ ಮನೆಗೆ ಬಂದ ಪೇಪರಿನ ಮುಖಪುಟದಲ್ಲಿ ಅಶ್ವಥ್ ಇದ್ದರು. ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬೇಗನೆ ಅಂಗಡಿಗೆ ಹೊರಟೆ. ಟಿವಿ ಹಾಕಿರಲಿಲ್ಲ. ಹಿಂದಿನ ದಿನದ ಹಾಗೆ ಇವತ್ತೂ ಜನ ಬರುತ್ತಾರೆ, ಹಾಡು ಇರಬೇಕು ಅಂತ. ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ, ಟ್ಯೂಬ್‌ಲೈಟ್ ಹಾಕಿ, ಟೇಪ್ ಒತ್ತಿದೆ. ಸ್ಪೀಕರಿನ ಮೇಲೆ ಸೇವಂತಿಗೆ ಇನ್ನೂ ಬಾಡಿರಲಿಲ್ಲ. ಎ ಸೈಡಿನ ಕೊನೆಯ ಹಾಡು ಬಂತು. ಪಲ್ಲವಿ ಆಯಿತು. ಮೊದಲ ಚರಣ ಆಯಿತು. ಎರಡನೇ ಚರಣ ಶುರುವಾಯಿತು.

ಪಕ್ಕದ ಬೇಕರಿಯವರು ಓಡಿ ಬಂದರು.

“ಷಟರ್ ಎಳೀರಿ ಬೇಗ. ವಿಷ್ಣುವರ್ಧನ್ ಹೋಗ್ಬಿಟ್ರಂತೆ.”

ಮತ್ತೆ ಅದೇ ‘ಅಂತೆ’.

ನಾನು ನಂಬಲಿಲ್ಲ. ಪೇಪರ್ ಅಲ್ಲೇ ಕಟ್ಟೆಯ ಮೇಲಿತ್ತು, ಅದರಲ್ಲಿ ಆ ಸುದ್ದಿಯೇ ಇರಲಿಲ್ಲ. ಬೇಕರಿಯ ಟಿವಿಯಲ್ಲಿ ಇತ್ತು. ಬೆಳಗಾಗುವ ಮುಂಚೆ ಮೈಸೂರಿನಲ್ಲಿ ಹೃದಯಾಘಾತ. ಐವತ್ತೊಂಬತ್ತು ವರ್ಷ. ‘ನಾಗರಹಾವು’ ನೋಡಿ ಬೆಳೆದ ತಲೆಮಾರು ನನ್ನದು. ಆ ಸಾವು ನನಗೂ ಮನೆಯ ಸಾವೇ. ಇದು ದೊಡ್ಡದು ಅದು ಸಣ್ಣದು ಅಂತ ತೂಗಲು ನಾನು ಬಂದಿಲ್ಲ. ಒಂದು ದುಃಖದ ಮೇಲೆ ಇನ್ನೊಂದು ಬಂದು ಬಿತ್ತು, ಕೆಳಗಿನದಕ್ಕೆ ಉಸಿರಾಡಲು ಜಾಗ ಉಳಿಯಲಿಲ್ಲ. ಅಷ್ಟೇ ನಾನು ಹೇಳುವುದು.

ಅಷ್ಟರಲ್ಲಿ ಬೀದಿ ತುದಿಯಲ್ಲಿ ಗಲಾಟೆ ಕೇಳಿಸಿತು. ಒಂದರ ಹಿಂದೆ ಒಂದು ಷಟರ್ ಬೀಳುವ ಸದ್ದು. ಅವತ್ತು ಬೆಂಗಳೂರಿನಲ್ಲಿ ಬಸ್ಸಿಗೆ ಕಲ್ಲು ಬಿದ್ದವು, ಅಂಗಡಿಗಳೆಲ್ಲ ಮುಚ್ಚಿದವು. ವಿಷ್ಣುವರ್ಧನ್ ಅವರನ್ನು ಜನ ಕೊನೆಯ ಸಲ ನೋಡಲು ಇಟ್ಟಿದ್ದು ನ್ಯಾಷನಲ್ ಕಾಲೇಜ್ ಮೈದಾನದಲ್ಲಿ. ನಮ್ಮ ಏರಿಯಾಕ್ಕೆ ಪಕ್ಕವೇ. ಇಡೀ ದಿನ ನಮ್ಮ ಬೀದಿಗಳಲ್ಲಿ ಜನವೋ ಜನ. ಸಂಜೆ ಅಭಿಮಾನ್ ಸ್ಟುಡಿಯೋದಲ್ಲಿ ಸಂಸ್ಕಾರ.

ನಾನು ಸ್ಟಾಪ್ ಒತ್ತಿದೆ. ಹಿಂದಿನ ದಿನ ನಿಲ್ಲಿಸಲು ಆಗದಿದ್ದ ಹಾಡನ್ನು ಅವತ್ತು ನಿಲ್ಲಿಸಿದೆ. ಷಟರ್ ಎಳೆದು ಬೀಗ ಹಾಕಿದೆ. ಹೂವು ಒಳಗೇ ಉಳಿಯಿತು.

ಅಶ್ವಥ್ ಅವರಿಗಾಗಿ ನನ್ನ ಬೀದಿ ಅತ್ತದ್ದು ಒಂದೇ ದಿನ. ಪೂರ್ತಿ ಒಂದು ದಿನವೂ ಅಲ್ಲ. ಬೇರೆಯವರು ತೀರಿಕೊಂಡಾಗ ವಾರಗಟ್ಟಲೆ ಅವರ ಹಾಡು, ಅವರ ಮಾತು, ಅವರ ಫೋಟೋ. ಇವರ ಬಗ್ಗೆ ಬಂದವರಿಗೆ ಏನೋ ಹೇಳಬೇಕಿತ್ತು. ಅದು ಗಂಟಲಲ್ಲೇ ಉಳಿಯಿತು. ವರ್ಷಾನುಗಟ್ಟಲೆ ಆಮೇಲೂ ಅಂಗಡಿಗೆ ಬಂದವರು “ಅವತ್ತು ವಿಷ್ಣು ಹೋದ್ರಲ್ಲ, ಅದರ ಹಿಂದಿನ ದಿನ” ಅಂತಲೇ ಶುರು ಮಾಡುತ್ತಿದ್ದರು. ಅಶ್ವಥ್ ಹೋದ ದಿನಕ್ಕೆ ಅದರದೇ ಹೆಸರು ಇಲ್ಲದ ಹಾಗೆ ಆಯಿತು. ಹೊಟ್ಟೆ ಉರಿಯುತ್ತಿತ್ತು. ಯಾರ ಮೇಲೆ ಅಂತ ಸಿಟ್ಟು ಮಾಡಿಕೊಳ್ಳುವುದು?

ಅಂಗಡಿ ಮತ್ತೆ ತೆರೆದಾಗ ಸೇವಂತಿಗೆಯ ಎಸಳು ಸ್ಪೀಕರ್ ಕೆಳಗೆಲ್ಲ ಉದುರಿತ್ತು. ಗುಡಿಸಲು ಮನಸ್ಸು ಬರಲಿಲ್ಲ. ಆ ಕ್ಯಾಸೆಟ್ಟನ್ನು ಟೇಪಿನಿಂದ ತೆಗೆದು ಡಬ್ಬಿಗೆ ಹಾಕಿ ಗಲ್ಲಾ ಪೆಟ್ಟಿಗೆಯಲ್ಲಿ ಇಟ್ಟೆ. ತಿರುಗಿಸಲಿಲ್ಲ, ಹಿಂದಕ್ಕೆ ಸುತ್ತಲಿಲ್ಲ.

ನಿಮ್ಮಲ್ಲಿ ಚಿಕ್ಕವರಿಗೆ ಇದು ಗೊತ್ತಿರಲಿಕ್ಕಿಲ್ಲ. ಕ್ಯಾಸೆಟ್ಟಿಗೆ ಒಂದು ಗುಣ ಇತ್ತು. ಎಲ್ಲಿ ನಿಲ್ಲಿಸಿದಿರೋ ಅಲ್ಲೇ ನಿಂತಿರುತ್ತದೆ. ಟೇಪಿನಿಂದ ತೆಗೆದರೂ ಅಷ್ಟೇ, ಬೇರೆ ಟೇಪಿಗೆ ಹಾಕಿದರೂ ಅಷ್ಟೇ. ರೀಲು ಈ ಕಡೆ ಎಷ್ಟು ಸುತ್ತಿದೆ, ಆ ಕಡೆ ಎಷ್ಟು ಉಳಿದಿದೆ ಅಂತ ಡಬ್ಬಿಯ ಕಿಟಕಿಯಲ್ಲೇ ಕಾಣುತ್ತದೆ. ಸಿಡಿ ಹಾಗಲ್ಲ, ತೆಗೆದು ಹಾಕಿದರೆ ಮೊದಲಿನಿಂದ ಶುರು.

ಅಂಗಡಿಯನ್ನು 2012ರಲ್ಲಿ ಮುಚ್ಚಿದೆ. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಹೂವಿನ ಅಕ್ಕನೂ ಈಗ ಇಲ್ಲ. ಎನ್.ಆರ್. ಕಾಲೋನಿಯಲ್ಲಿ ಅಶ್ವಥ್ ಅವರ ಹೆಸರಿನ ಕಲಾಭವನ ಇದೆ. ಅದರ ಮುಂದೆ ಹಾದುಹೋಗುವಾಗ ಬೋರ್ಡಿನ ಕಡೆ ಒಂದು ಸಲ ನೋಡದೆ ಮುಂದೆ ಹೋಗಲು ಆಗುವುದಿಲ್ಲ.

ಆ ಕ್ಯಾಸೆಟ್ಟನ್ನು ಇವತ್ತು ತಂದಿದ್ದೇನೆ. ಇಗೋ, ಇದು. ಟೇಪ್ ರೆಕಾರ್ಡರೂ ತಂದಿದ್ದೇನೆ, ಬೆಲ್ಟ್ ಬದಲಾಯಿಸಿಕೊಂಡು ಬಂದೆ. 2009ರ ಡಿಸೆಂಬರ್ 30ರ ಬೆಳಿಗ್ಗೆ ನಿಂತಲ್ಲೇ ಇದು ನಿಂತಿದೆ, ಎರಡನೇ ಚರಣದ ನಡುವೆ. ಈಗ ಒತ್ತುತ್ತೇನೆ. ರೀಲು ಹಳೆಯದು. ಸಿಕ್ಕಿಕೊಂಡರೂ ಸಿಕ್ಕಿಕೊಳ್ಳಬಹುದು, ತುಂಡಾದರೂ ಆಗಬಹುದು. ಆದರೆ ನಿಲ್ಲಿಸಬೇಡಿ. ಮುಂದಿನ ಸಾಲು ನಿಮಗೆಲ್ಲ ಬರುತ್ತದೆ.